ದಿನ ಎಲ್ಲಿಂದ ಎಲ್ಲಿಯವರೆಗೆ: ಕಾಲಶ್ರೇಣಿ ದತ್ತಾಂಶದಲ್ಲಿ ದಿನಾಂಕ ಮತ್ತು ಸಮಯವಲಯ

(ವಿಜಯಪುರದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಮಾನ್ಯ ಅಧ್ಯಾಪಕರೇ, ವಿದ್ಯಾರ್ಥಿ ಮಿತ್ರರೇ,

ಹಸ್ತ ನಕ್ಷತ್ರದ ಮಳೆ ನಡೆದಿರುವ ಒಂದು ರಾತ್ರಿಯನ್ನು ನೆನೆಯಿರಿ. ಅಕ್ಟೋಬರ್ 4ರ ಸಂಜೆ ಮೋಡ ಕಟ್ಟಿ, ರಾತ್ರಿ 10ಕ್ಕೆ ಹಿಡಿದ ಮಳೆ 2 ಗಂಟೆಯವರೆಗೆ ಒಂದೇ ಸಮನೆ ಸುರಿದು 80 ಮಿಲಿಮೀಟರ್ ಆಯಿತೆಂದು ಇಟ್ಟುಕೊಳ್ಳೋಣ. ಬೆಳಿಗ್ಗೆ ಹೊಲಕ್ಕೆ ಹೊರಟ ರೈತರನ್ನು ಕೇಳಿದರೆ ‘ರಾತ್ರಿ ದೊಡ್ಡ ಮಳಿ ಆತ್ರಿ’ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಒಂದೇ ಮಳೆ. ನೀವು ಬರೆದ ಪ್ರೋಗ್ರಾಮ್ ಮಾತ್ರ ಅದನ್ನು ನಡುರಾತ್ರಿ 12ಕ್ಕೆ ಕತ್ತರಿಸಿ, 40 ಮಿಲಿಮೀಟರನ್ನು 4ನೆಯ ತಾರೀಖಿಗೂ 40 ಮಿಲಿಮೀಟರನ್ನು 5ನೆಯ ತಾರೀಖಿಗೂ ಹಾಕುತ್ತದೆ. ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣದಂತೆ ದಿನವೊಂದಕ್ಕೆ 64.5 ಮಿಲಿಮೀಟರ್ ಮುಟ್ಟಿದರೆ ಅದು ‘ಭಾರಿ ಮಳೆ’. ಹೀಗೆ ಒಂದು ಭಾರಿ ಮಳೆಯ ದಿನ ಎರಡು ಸಾಧಾರಣ ಮಳೆಯ ದಿನಗಳಾಗಿ ಕರಗಿಹೋಗುತ್ತದೆ, ಮತ್ತು ಕೋಡ್ ಯಾವ ದೋಷಸೂಚನೆಯನ್ನೂ ಕೊಡುವುದಿಲ್ಲ.

ಹವಾಮಾನ ಇಲಾಖೆಯು ಮಳೆಯ ದಿನವನ್ನು ನಡುರಾತ್ರಿಯಿಂದ ಎಣಿಸುವುದಿಲ್ಲ. ಬೆಳಿಗ್ಗೆ 8:30ಕ್ಕೆ ಮಳೆಮಾಪಕವನ್ನು ಅಳೆದು, ಹಿಂದಿನ 24 ಗಂಟೆಗಳ ಮಳೆಯನ್ನು ಅಳೆದ ದಿನದ ತಾರೀಖಿಗೆ ಬರೆಯುತ್ತದೆ. ಆದ್ದರಿಂದ ಮೇಲಿನ 80 ಮಿಲಿಮೀಟರ್ ಪೂರ್ತಿಯಾಗಿ ಅಕ್ಟೋಬರ್ 5ರ ಮಳೆ. 8:30 ಎಂಬುದು ಯಾರೋ ಸುಮ್ಮನೆ ಆರಿಸಿದ ಹೊತ್ತಲ್ಲ. ನಮ್ಮ ಕಾಲಮಾನ ಯುಟಿಸಿಗಿಂತ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಕಾಲಮಾನಕ್ಕಿಂತ) ಐದೂವರೆ ಗಂಟೆ ಮುಂದಿರುವುದರಿಂದ ಅದು ಯುಟಿಸಿಯ 3 ಗಂಟೆಗೆ ಸರಿಯಾಗಿ ಬರುತ್ತದೆ, ಮತ್ತು ಅದು ಜಗತ್ತಿನ ಹವಾಮಾನ ಕೇಂದ್ರಗಳು ಏಕಕಾಲಕ್ಕೆ ವೀಕ್ಷಣೆ ಮಾಡುವ ಹೊತ್ತುಗಳಲ್ಲಿ ಒಂದು. ಪಂಚಾಂಗ ನೋಡುವ ನಮ್ಮ ಮನೆಯ ಹಿರಿಯರಿಗೆ ಇದು ಹೊಸ ಸಂಗತಿಯಾಗಿ ಕಾಣಲಾರದು; ಅವರ ವಾರವೂ ಸೂರ್ಯೋದಯದಿಂದ ಸೂರ್ಯೋದಯಕ್ಕೆ ನಡೆಯುತ್ತದೆಯೇ ಹೊರತು 12ರ ಗಂಟೆಗೆ ಬದಲಾಗುವುದಿಲ್ಲ.

ನಾನು ಈ ಪಾಠವನ್ನು ತಡವಾಗಿ ಕಲಿತೆ. ಹಿಂದೊಮ್ಮೆ ಸ್ವಯಂಚಾಲಿತ ಕೇಂದ್ರವೊಂದರ ದೈನಿಕ ಮೊತ್ತಗಳನ್ನು, ಸಮೀಪದಲ್ಲೇ ಕೈಯಿಂದ ಅಳೆಯುವ ಮಳೆಮಾಪಕದ ಅಂಕಿಗಳೊಂದಿಗೆ ಹೋಲಿಸುತ್ತಿದ್ದೆ. ಒಂದು ದಿನವೂ ತಾಳೆಯಾಗಲಿಲ್ಲ. ಉಪಕರಣವೇ ಕೆಟ್ಟಿರಬೇಕೆಂದು ಅದನ್ನು ಬಿಚ್ಚಿ ತೊಳೆದದ್ದೂ ಆಯಿತು. ಆದರೆ ತಿಂಗಳ ಮೊತ್ತಗಳು ಬಹುಮಟ್ಟಿಗೆ ಸಮನಾಗಿದ್ದವು, ಮತ್ತು ಉಪಕರಣ ಕೆಟ್ಟಿದ್ದರೆ ಹಾಗಾಗುವುದು ಸಾಧ್ಯವಿರಲಿಲ್ಲ. ಕೊನೆಗೆ ತಿಳಿದದ್ದೇನೆಂದರೆ, ಉಪಕರಣ ಯುಟಿಸಿಯಲ್ಲಿ ಬರೆಯುತ್ತಿತ್ತು. ಅದರ ಅಕ್ಟೋಬರ್ 4 ಎಂದರೆ ನಮ್ಮ 4ರ ಬೆಳಗಿನ 5:30ರಿಂದ 5ರ ಬೆಳಗಿನ 5:30ರವರೆಗೆ. ರಾತ್ರಿಯ ಮಳೆಯನ್ನು ಅದು 4 ಎಂದು ಕರೆಯುತ್ತಿತ್ತು, ಕೈಬರಹದ ವಹಿ 5 ಎಂದು ಕರೆಯುತ್ತಿತ್ತು. ಒಂದು ಸರಣಿಯನ್ನು ಒಂದು ದಿನ ಸರಿಸಿದ ಕೂಡಲೇ ಎರಡೂ ಹತ್ತಿರ ಬಂದವು; ಉಳಿದ ವ್ಯತ್ಯಾಸವೆಲ್ಲ ಬೆಳಗಿನ 5:30ರಿಂದ 8:30ರೊಳಗೆ ಬಿದ್ದ ಮಳೆಯದು.

ಈಗ ಕೋಡಿಗೆ ಬರೋಣ. ಪೈಥಾನ್ ಭಾಷೆಯಲ್ಲಿ ದತ್ತಾಂಶ ಸಂಸ್ಕರಣೆಯ ಸಿದ್ಧ ಕೋಡ್ ಸಂಗ್ರಹವಾದ ಪಾಂಡಾಸ್‌ನಲ್ಲಿ ಟಿಝಡ್ ಲೋಕಲೈಸ್ ಮತ್ತು ಟಿಝಡ್ ಕನ್ವರ್ಟ್ ಎಂಬ ಎರಡು ಕ್ರಿಯೆಗಳಿವೆ. ಮೊದಲನೆಯದು ‘ಈ ಗಡಿಯಾರ ಇಂಥ ಊರಿನದು’ ಎಂದು ಚೀಟಿ ಅಂಟಿಸುತ್ತದೆ; ಮುಳ್ಳು ಕದಲುವುದಿಲ್ಲ. ಎರಡನೆಯದು ಅದೇ ಕ್ಷಣವನ್ನು ಬೇರೆ ಊರಿನ ಗಡಿಯಾರದಲ್ಲಿ ಓದಿ ಹೇಳುತ್ತದೆ. ಯುಟಿಸಿಯಲ್ಲಿ ಬರೆದ ದತ್ತಾಂಶಕ್ಕೆ ನೇರವಾಗಿ ಏಷ್ಯಾ/ಕೋಲ್ಕತಾ (ಭಾರತದ ಸಮಯವಲಯದ ಹೆಸರು) ಎಂಬ ಚೀಟಿ ಅಂಟಿಸಿದವನು ಇಡೀ ಸರಣಿಯನ್ನು ಐದೂವರೆ ಗಂಟೆ ತಪ್ಪು ಜಾಗಕ್ಕೆ ತಳ್ಳಿದಂತೆ. ಮೊದಲು ಯುಟಿಸಿ ಎಂದು ಅಂಟಿಸಿ, ಅನಂತರ ಪರಿವರ್ತಿಸಬೇಕು. ಅದಾದ ಮೇಲೆ ರೀಸ್ಯಾಂಪಲ್ ಮಾಡುವಾಗ, ಅಂದರೆ ಅಂಕಿಗಳನ್ನು ಅವಧಿವಾರು ಕೂಡಿಸುವಾಗ, 24 ಗಂಟೆಯ ಅವಧಿಗೆ ಆರಂಭವನ್ನು ಎಂಟೂವರೆ ಗಂಟೆ ಮುಂದೂಡುವ ಆಫ್‌ಸೆಟ್ ಕೊಟ್ಟು, ಲೇಬಲ್ಲನ್ನು (ಅವಧಿಗೆ ಕೊಡುವ ತಾರೀಖನ್ನು) ಬಲತುದಿಗೆ, ಅಂದರೆ ಅವಧಿ ಮುಗಿಯುವ ಹೊತ್ತಿಗೆ, ಇಟ್ಟರೆ ಹವಾಮಾನ ಇಲಾಖೆಯ ದಿನ ಸಿಗುತ್ತದೆ. ಲೇಬಲ್ ಎಡಕ್ಕಿರುವುದೇ ಅಲ್ಲಿನ ರೂಢಿಯಾದ್ದರಿಂದ, ಇದನ್ನು ಮರೆತವರಿಗೆ ನನ್ನಂತೆಯೇ ಒಂದು ದಿನದ ಅಂತರ ಎದುರಾಗುತ್ತದೆ.

ಪೈಟಿಝಡ್ ಎಂಬ ಹಳೆಯ ಕೋಡ್ ಗ್ರಂಥಾಲಯವನ್ನು ಬಳಸಿದವರಲ್ಲಿ ಕೆಲವರು ಯುಟಿಸಿಯಿಂದ 5:53 ಎಂಬ ವಿಚಿತ್ರ ಅಂತರವನ್ನು ಕಂಡಿರಬಹುದು. ಭಾರತದ ವಲಯವನ್ನು, ಪೈಥಾನಿನಲ್ಲಿ ದಿನಾಂಕ-ಸಮಯವನ್ನು ಹಿಡಿದಿಡುವ ಡೇಟ್‌ಟೈಮ್‌ಗೆ ನೇರವಾಗಿ ಕೊಟ್ಟರೆ, ಅದು ವಲಯದ ಪಟ್ಟಿಯಲ್ಲಿರುವ ಮೊದಲ ನಮೂದನ್ನು, ಅಂದರೆ ಕಲ್ಕತ್ತೆಯ ಹಳೆಯ ಸ್ಥಳೀಯ ಕಾಲವನ್ನು ಹಿಡಿಯುತ್ತದೆ. ಎಲ್ಲ ಸಮಯಗಳೂ 23 ನಿಮಿಷ ಜಾರುತ್ತವೆ. ಆ ಗ್ರಂಥಾಲಯದ್ದೇ ಆದ ಲೋಕಲೈಸ್ ಕ್ರಿಯೆಯನ್ನು ಬಳಸುವುದು ಅಥವಾ ಪೈಥಾನ್ 3.9ರಿಂದ ಬಂದಿರುವ ಝೋನ್‌ಇನ್ಫೋಗೆ ಬದಲಾಗುವುದು ಪರಿಹಾರ. ಆದರೆ ಆ 23 ನಿಮಿಷಗಳನ್ನು ಕಸವೆಂದು ಬಗೆಯಬಾರದು. 82.5 ಡಿಗ್ರಿ ರೇಖಾಂಶವನ್ನು ಆಧರಿಸಿದ ಭಾರತೀಯ ಕಾಲಮಾನ 1906ರ ಜನವರಿ 1ರಂದು ಜಾರಿಗೆ ಬಂದರೂ, 4:51ರ ಅಂತರದ ‘ಬಾಂಬೆ ಟೈಮ್’ ಮುಂಬಯಿ ನಗರದಲ್ಲಿ 1955ರವರೆಗೆ ಉಳಿದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ದೇಶದ ಗಡಿಯಾರವೇ ಒಂದು ಗಂಟೆ ಮುಂದೆ ಓಡಿತು. ಬೆಳಗಾವಿ ಜಿಲ್ಲೆಯೂ, ಬಾಗಲಕೋಟೆಯನ್ನು ಒಳಗೊಂಡಿದ್ದ ಅಂದಿನ ಬಿಜಾಪುರ ಜಿಲ್ಲೆಯೂ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ, ನಮ್ಮ ಭಾಗದ ಹಳೆಯ ವಹಿಗಳಲ್ಲಿ ಬರೆದ ಗಂಟೆ ಯಾವ ಗಡಿಯಾರದ್ದೆಂದು ಕೇಳದೆ ಅದನ್ನು ಕಂಪ್ಯೂಟರಿಗೆ ಏರಿಸಬಾರದು.

ವಿದೇಶಿ ದತ್ತಾಂಶದಲ್ಲಿ ತೊಡಕು ಬೇರೆ ಬಗೆಯದು. ನಮ್ಮ ವಿದ್ಯುತ್ ಲೆಕ್ಕದಲ್ಲಿ ದಿನಕ್ಕೆ 15 ನಿಮಿಷಗಳ 96 ಬ್ಲಾಕ್‌ಗಳು, ವರ್ಷವಿಡೀ ಅಷ್ಟೇ. ಬೇಸಿಗೆ ಸಮಯವನ್ನು (ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು) ಪಾಲಿಸುವ ಅಮೆರಿಕದ ಊರುಗಳಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ಅಂಥ ಅವಧಿಗಳು 92, ನವೆಂಬರ್‌ನ ಮೊದಲ ಭಾನುವಾರ 100. ಆ ನವೆಂಬರ್ ರಾತ್ರಿ ಒಂದೂವರೆ ಗಂಟೆ ಎರಡು ಸಲ ಬರುತ್ತದೆ. ‘ಒಂದೇ ಟೈಮ್‌ಸ್ಟ್ಯಾಂಪ್ ಎರಡು ಸಲ ಇದೆ’ ಎಂದು ಒಂದನ್ನು ಅಳಿಸಿಬಿಡುವ ಶುದ್ಧೀಕರಣದ ಕೋಡ್ ಅಲ್ಲಿ ನಿಜವಾದ ಒಂದು ಗಂಟೆಯನ್ನೇ ನುಂಗುತ್ತದೆ. ‘ನಾಳೆ ಇದೇ ಹೊತ್ತಿಗೆ’ ಎಂಬುದೂ ‘24 ಗಂಟೆಗಳ ನಂತರ’ ಎಂಬುದೂ ಅಲ್ಲಿ ಬೇರೆ ಬೇರೆ. ಬೆಳಗಾವಿಯಲ್ಲಿ ಕುಳಿತು ಅಮೆರಿಕದ ಗ್ರಾಹಕರಿಗೆ ಕೆಲಸ ಮಾಡಲಿರುವವರು ತಮ್ಮ ಕೋಡನ್ನು ಈ ಎರಡು ಭಾನುವಾರಗಳ ಮೇಲೆ ಓಡಿಸಿ ನೋಡಬೇಕು.

ತಾರೀಖಿನ ಬರವಣಿಗೆಯ ಬಗ್ಗೆ ಒಂದೇ ಮಾತು. 05/08/2023 ಎಂದರೆ ನಮಗೆ ಆಗಸ್ಟ್ 5. ಪಾಂಡಾಸ್‌ಗೆ, ನೀವು ಬೇರೆ ಹೇಳದಿದ್ದರೆ, ಮೇ 8. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಈ ಜಗಳವೇ ಇಲ್ಲ.

ಮಧ್ಯಾಹ್ನದ ಪ್ರಯೋಗಕ್ಕೆ ನಿಮಗೊಂದು ಮಳೆಯ ಕಡತ ಕೊಡುತ್ತೇನೆ. ಅದರಲ್ಲಿ ಸಮಯದ ಕಾಲಂ ಇದೆ, ವಲಯದ ಹೆಸರಿಲ್ಲ, ದಿನ ಯಾವ ಹೊತ್ತಿಗೆ ಮುಗಿಯುತ್ತದೆಂಬ ಟಿಪ್ಪಣಿಯೂ ಇಲ್ಲ. ಬೇಕೆಂದೇ ತೆಗೆದಿದ್ದೇನೆ. ಎರಡನ್ನೂ ನನ್ನಿಂದ ಕೇಳಿ ತಿಳಿದು ಕಡತದ ಮೊದಲ ಸಾಲಿನಲ್ಲಿ ಬರೆದ ಮೇಲೆಯೇ ಲೆಕ್ಕ ಶುರು ಮಾಡಿರಿ.