ಅಲ್ಟ್ರಾ ವೈಡ್ ಲೆನ್ಸ್: ಇನ್ನೊಂದು ಹೆಜ್ಜೆ ಹತ್ತಿರ

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಅಲ್ಟ್ರಾ ವೈಡ್ ಲೆನ್ಸ್ ಕೊಂಡವರು ಮೊದಮೊದಲು ತೆಗೆಯುವ ಚಿತ್ರಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮೇಲೆ ಅರ್ಧ ಆಕಾಶ, ಕೆಳಗೆ ಅರ್ಧ ಖಾಲಿ ನೆಲ, ನಡುವೆ ಬೆಂಕಿಪೊಟ್ಟಣದಷ್ಟು ದೇವಸ್ಥಾನ. ‘ಎಲ್ಲಾ ಹಿಡಿಸ್ತು’ ಅನ್ನುವ ಖುಷಿ ಇರುತ್ತದೆ. ಆದರೆ ಮನೆಗೆ ಬಂದು ನೋಡಿದರೆ ಅದರಲ್ಲಿ ನೋಡೋಕೆ ಏನೂ ಇರುವುದಿಲ್ಲ. ಹೀಗಾಗಿ ಎಷ್ಟೋ ಒಳ್ಳೆ ಲೆನ್ಸ್‌ಗಳು ಬ್ಯಾಗಿನಲ್ಲೇ ಉಳಿದುಬಿಡುತ್ತವೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ಮೊದಲು ಸ್ವಲ್ಪ ಲೆಕ್ಕ ನೋಡೋಣ. ಲೆನ್ಸ್‌ನ ಎಂ.ಎಂ. (ಫೋಕಲ್ ಲೆಂತ್) ಕಮ್ಮಿಯಾದಷ್ಟೂ ನೋಟ ಅಗಲ. ಫುಲ್ ಫ್ರೇಮ್, ಅಂದರೆ ಹಳೇ ಫಿಲ್ಮ್ ರೀಲಿನ ಚೌಕಟ್ಟಿನಷ್ಟು ಸೆನ್ಸರ್ ಇರುವ ಕ್ಯಾಮೆರಾದಲ್ಲಿ 50 ಎಂ.ಎಂ. ಲೆನ್ಸ್ ಮೂಲೆಯಿಂದ ಮೂಲೆಗೆ ಸುಮಾರು 47 ಡಿಗ್ರಿ ನೋಡುತ್ತದೆ. 24ಕ್ಕೆ ಬಂದರೆ 84 ಡಿಗ್ರಿ, 16ಕ್ಕೆ 107, 14ಕ್ಕೆ 114. ಸಾಮಾನ್ಯವಾಗಿ 24ಕ್ಕಿಂತ ಕೆಳಗಿನದನ್ನು ಅಲ್ಟ್ರಾ ವೈಡ್ ಅನ್ನುತ್ತೇವೆ. 70ಕ್ಕೂ 72ಕ್ಕೂ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ, ಆದರೆ 16ರಿಂದ 14ಕ್ಕೆ ಇಳಿದರೆ 7 ಡಿಗ್ರಿ ಜಾಸ್ತಿ. ಈ ತುದಿಯಲ್ಲಿ ಒಂದೊಂದು ಎಂ.ಎಂ.ಗೂ ಬೆಲೆ ಇದೆ. ನಿಮ್ಮದು ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಆಗಿದ್ದರೆ 10 ಎಂ.ಎಂ. ಹಾಕಿದಾಗ ಸುಮಾರು 15-16ರ ನೋಟ ಸಿಗುತ್ತದೆ. ಎಷ್ಟೋ ಮೊಬೈಲ್‌ಗಳ 0.5 ಅನ್ನುವ ಬಟನ್ ಸುಮಾರು 13 ಎಂ.ಎಂ.ಗೆ ಸಮ. ಹಾಗಾಗಿ ಈಗ ಹೇಳುವುದೆಲ್ಲ ಬರೀ ಮೊಬೈಲ್ ಇರುವವರಿಗೂ ಆಗುತ್ತದೆ.

ಈ ಲೆನ್ಸ್ ಇರುವುದು ಹಿಂದೆ ಸರಿಯುವ ಬದಲು ಮುಂದೆ ಹೋಗೋಕೆ. ಇವತ್ತು ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಸೋಮನಾಥಪುರದ ಕೇಶವ ದೇವಾಲಯವನ್ನೇ ತೆಗೆದುಕೊಳ್ಳಿ. ಹೊರಗೋಡೆಯ ತೀರಾ ಕೆಳಗೆ ಆನೆಗಳ ಸಾಲು ಇದೆ, ಅದರ ಮೇಲೆ ಕುದುರೆಗಳು. ಜಗತಿಯ ಮೇಲೆ, ಅಂದರೆ ದೇವಸ್ಥಾನ ನಿಂತಿರುವ ಕಲ್ಲಿನ ಕಟ್ಟೆಯ ಮೇಲೆ, ಕುಕ್ಕರಗಾಲಲ್ಲಿ ಕೂರಿ. 16 ಎಂ.ಎಂ. ಹಾಕಿ, ಒಂದು ಆನೆಗೆ ಒಂದೂವರೆ ಅಡಿ ದೂರಕ್ಕೆ ಕ್ಯಾಮೆರಾ ತನ್ನಿ. ಈಗ ಗೋಡೆಯ ಉದ್ದಕ್ಕೆ ನೋಡಿ. ಅದೇ ಸಾಲಿನಲ್ಲಿ ಕ್ಯಾಮೆರಾದಿಂದ 15 ಅಡಿ ಆಚೆ ಇರುವ ಆನೆ, ಹತ್ತಿರದ ಆನೆಯ ಹತ್ತನೇ ಒಂದು ಭಾಗದಷ್ಟೇ ಕಾಣುತ್ತದೆ. ಮುಂದಿನ ಆನೆಯ ಸೊಂಡಿಲಿನ ಒಂದೊಂದು ಗೆರೆಯೂ ಕಾಣುತ್ತದೆ, ಹಿಂದಿನವು ಸಾಲಾಗಿ ಓಡುತ್ತಾ ನಕ್ಷತ್ರದಾಕಾರದ ಗೋಡೆಯ ಮೂಲೆಯಲ್ಲಿ ತಿರುಗಿಕೊಳ್ಳುತ್ತವೆ. ಈಗ ಅಲ್ಲಿಂದ 10 ಅಡಿ ಹಿಂದೆ ಸರಿಯಿರಿ. ದೂರದ ಆನೆ ಹತ್ತಿರದ್ದರ ಅರ್ಧದಷ್ಟಾಗುತ್ತದೆ. ಓಟ ಹೋಯಿತು, ಚಿತ್ರ ಚಪ್ಪಟೆಯಾಯಿತು. ಲೆನ್ಸ್ ಮಾತ್ರ ಅದೇ. ಬದಲಾದದ್ದು ನೀವು ನಿಂತ ಜಾಗ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಅನ್ನುವ ಅನುಪಾತವನ್ನು ಮಾಡುವುದು ದೂರವೇ. ಅಷ್ಟು ಹತ್ತಿರ ಹೋದ ಮೇಲೂ ಇಡೀ ಸಾಲು ಚೌಕಟ್ಟಿನೊಳಗೆ ಇರೋ ಹಾಗೆ ನೋಡಿಕೊಳ್ಳುವುದು ಲೆನ್ಸ್‌ನ ಕೆಲಸ.

ಇಲ್ಲಿ ಒಂದು ಎಚ್ಚರ. ವ್ಯೂಫೈಂಡರ್‌ನಲ್ಲಿ ಎಲ್ಲವೂ ದೂರ ಇದ್ದಂತೆ ಕಾಣುತ್ತದೆ. ನೋಡುತ್ತಾ ನೋಡುತ್ತಾ ಮುಂದೆ ಹೋದರೆ ಲೆನ್ಸ್ ಕಲ್ಲಿಗೆ ತಾಗಿಬಿಡುತ್ತದೆ. ಗಾಜಿಗಿಂತ ಹೆಚ್ಚಾಗಿ ಆ ಶಿಲ್ಪದ ಬಗ್ಗೆ ನನಗೆ ಚಿಂತೆ. 13ನೇ ಶತಮಾನದ ಕೆತ್ತನೆ ಅದು. ವ್ಯೂಫೈಂಡರ್‌ನಿಂದ ಕಣ್ಣು ತೆಗೆದು, ಕಲ್ಲು ಎಷ್ಟು ದೂರ ಇದೆ ಅಂತ ಒಮ್ಮೆ ನೋಡಿಕೊಂಡು ಆಮೇಲೆ ಸರಿಯಿರಿ.

ಫೋಕಸ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 16 ಎಂ.ಎಂ., ಅಪರ್ಚರ್ (ಬೆಳಕು ಬಿಡುವ ಕಂಡಿ) ಎಫ್/8, ಸುಮಾರು ಒಂದು ಮೀಟರಿಗಿಂತ ಚೂರು ಆಚೆ ಫೋಕಸ್. ಇಷ್ಟಿಟ್ಟರೆ ಅರ್ಧ ಮೀಟರಿನಿಂದ ದಿಗಂತದವರೆಗೂ ಸ್ಪಷ್ಟವಾಗಿ ಬರುತ್ತದೆ.

ಇನ್ನು ಕ್ಯಾಮೆರಾ ಬಗ್ಗಿಸುವ ವಿಚಾರ. ಸ್ವಲ್ಪ ಮೇಲೆತ್ತಿದರೆ ಸಾಕು, ಗೋಪುರ ಹಿಂದಕ್ಕೆ ವಾಲುತ್ತದೆ, ಕಂಬಗಳು ಒಳಕ್ಕೆ ಬಾಗುತ್ತವೆ. ಇಂಥ ಅರೆಬರೆ ಬಾಗು ನನಗೆ ಇಷ್ಟವಿಲ್ಲ, ನೋಡುವವರಿಗೆ ತಪ್ಪಾಗಿದೆ ಅನಿಸುತ್ತದೆ. ಕ್ಯಾಮೆರಾವನ್ನು ಮಟ್ಟವಾಗಿ ಹಿಡಿಯಿರಿ. ಆಗ ಕೆಳಗಿನ ಅರ್ಧದಲ್ಲಿ ನೆಲ ಬಂದೇ ಬರುತ್ತದೆ. ಅಲ್ಲಿ ಏನಾದರೂ ಇರುವ ಜಾಗ ಹುಡುಕಿ ನಿಲ್ಲಿ: ಮೆಟ್ಟಿಲು, ಹಾಸುಗಲ್ಲಿನ ಸಂದು, ನೆರಳು.

ಅಥವಾ ಪೂರ್ತಿ ಮೇಲಕ್ಕೇ ಎತ್ತಿ. ಸೋಮನಾಥಪುರದ ದೇವಾಲಯದ ಒಳಗೆ 16 ಭುವನೇಶ್ವರಿಗಳಿವೆ, ಅಂದರೆ ಕೆತ್ತನೆಯ ಚಾವಣಿಗಳು. ಬಾಳೆಮೊಗ್ಗು ಇಳಿಬಿದ್ದ ಚಾವಣಿ ನೋಡಿರುತ್ತೀರಿ, ಅಲ್ವಾ? ಒಳಗೆ ಬೆಳಕು ಕಮ್ಮಿ. ಸಂರಕ್ಷಿತ ಸ್ಮಾರಕವಾದ್ದರಿಂದ ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಆದರೆ ನೆಲ ಇದೆಯಲ್ಲ! ಮೊಗ್ಗಿನ ನೇರ ಕೆಳಗೆ ಕ್ಯಾಮೆರಾವನ್ನು ಬೆನ್ನು ಕೆಳಗೆ ಮಾಡಿ ಮಲಗಿಸಿ, ಹತ್ತು ಸೆಕೆಂಡ್ ಟೈಮರ್ ಹಾಕಿ ಪಕ್ಕಕ್ಕೆ ಸರಿಯಿರಿ. ಮೊಬೈಲ್ ಆದರೆ ಸ್ಕ್ರೀನ್ ಕೆಳಗೆ, ಅಡಿಗೆ ಒಂದು ಕರ್ಚೀಫು. ನಾಲ್ಕೂ ಕಂಬಗಳು ಮೂಲೆಗಳಿಂದ ಹೊರಟು ಮೊಗ್ಗಿನ ಕಡೆಗೆ ಸೇರುತ್ತವೆ. ಗೋಪುರ ವಾಲಿಸಿದ ಅದೇ ಗುಣ ಇಲ್ಲಿ ಚಿತ್ರವನ್ನು ಕಟ್ಟುತ್ತದೆ. ಮೊಗ್ಗು ನಾಲ್ಕು ಬೆರಳು ಆಚೀಚೆಯಾದರೂ ಗೊತ್ತಾಗುತ್ತದೆ. ಸರಿಯಾಗುವ ತನಕ ಕ್ಯಾಮೆರಾ ಸರಿಸಿ, ಮತ್ತೆ ತೆಗೆಯಿರಿ.

ಜನರ ಚಿತ್ರಕ್ಕೆ ಬಂದರೆ, ಮದುವೆ ಮನೆಯಲ್ಲಿ ಗ್ರೂಪ್ ಫೋಟೋಗೆ ದಯವಿಟ್ಟು ಇದನ್ನು ಬಳಸಬೇಡಿ. ನೇರ ಗೆರೆಯನ್ನು ನೇರವಾಗಿಯೇ ಉಳಿಸೋಕೆ ಈ ಲೆನ್ಸ್ ಅಂಚಿನಲ್ಲಿರುವುದನ್ನು ಹಿಗ್ಗಿಸುತ್ತದೆ. 16 ಎಂ.ಎಂ.ನಲ್ಲಿ ಎಡ-ಬಲದ ತುದಿಗೆ ಬಂದ ದುಂಡನೆಯ ತಲೆ ಸುಮಾರು ಒಂದೂವರೆ ಪಟ್ಟು ಅಗಲವಾಗುತ್ತದೆ. ತುದಿಯಲ್ಲಿ ನಿಂತ ಚಿಕ್ಕಮ್ಮನಿಗೆ ಆ ಫೋಟೋ ತೋರಿಸೋಕೆ ಆಗುತ್ತದಾ? ಜನರನ್ನು ನಡುವೆ ಇಡಿ, ಇಲ್ಲವೇ 35ಕ್ಕೆ ಬನ್ನಿ.

ಮೂಲೆಗಳು ಕಪ್ಪಾಗುವುದಕ್ಕೂ ಹೆದರಬೇಡಿ. ಅದು ಹಳೇ ಸಮಸ್ಯೆ. 1900ರಲ್ಲಿ ಬರ್ಲಿನ್‌ನ ಗೋರ್ಟ್ಸ್ ಕಂಪನಿ ಹೈಪರ್ಗಾನ್ ಅನ್ನುವ ಲೆನ್ಸ್ ತಂದಿತು. 130 ಡಿಗ್ರಿಗೂ ಜಾಸ್ತಿ ಅಗಲ. ನಡುವೆ ಬೆಳಕು ಅತಿಯಾಗಿ ಬೀಳುತ್ತಿತ್ತು. ಅದಕ್ಕೆ ಲೆನ್ಸ್ ಮುಂದೆ ನಕ್ಷತ್ರದ ಆಕಾರದ ಪುಟ್ಟ ಚಕ್ರ ಇಟ್ಟು, ರಬ್ಬರ್ ಬಲ್ಬ್ ಒತ್ತಿ ಗಾಳಿಯಿಂದ ತಿರುಗಿಸಿ ನಡುವಿನ ಬೆಳಕು ತಗ್ಗಿಸುತ್ತಿದ್ದರು. ಆ ಜಾಣ್ಮೆ ನೆನೆದರೆ ನನಗೆ ಈಗಲೂ ಸಂತೋಷವಾಗುತ್ತದೆ. ನಮಗೆ ಸಾಫ್ಟ್‌ವೇರಿನಲ್ಲಿ ಒಂದು ಟಿಕ್ ಸಾಕು. ಆಕಾಶದ ನೀಲಿಯನ್ನು ಗಾಢ ಮಾಡುವ ಪೋಲರೈಸರ್ ಫಿಲ್ಟರನ್ನು ಮಾತ್ರ ತೆಗೆದಿಡಿ, ಇಷ್ಟು ಅಗಲದ ಆಕಾಶದಲ್ಲಿ ಒಂದು ಕಡೆ ಕಡುನೀಲಿ ಪಟ್ಟೆ ಬಂದು ಕೂರುತ್ತದೆ.

ಪ್ರಶ್ನೆಗಳಿಗೆ ಮೊದಲು ಒಂದು ಕೆಲಸ. ಕ್ಯಾಮೆರಾ, ಮೊಬೈಲ್ ಯಾವುದಿದ್ದರೂ ಹೊರಗೆ ತೆಗೆಯಿರಿ. ನಿಮ್ಮ ಸಾಲಿನ ಕೊನೆಯ ಕುರ್ಚಿಯ ಹತ್ತಿರ ಬನ್ನಿ, ಅದರ ಕೈಗೆ ಒಂದೂವರೆ ಅಡಿ ಹತ್ತಿರ ಹೋಗಿ ಇಡೀ ಸಾಲನ್ನು ತೆಗೆಯಿರಿ. ಆಮೇಲೆ ಗೋಡೆಯ ತನಕ ಹಿಂದೆ ಸರಿದು ಅದನ್ನೇ ಇನ್ನೊಂದು ಸಲ ತೆಗೆಯಿರಿ. ಎರಡನ್ನೂ ಸ್ಕ್ರೀನ್ ಮೇಲೆ ಹಾಕಿ ಒಟ್ಟಿಗೆ ನೋಡೋಣ.