ಕಾಫಿ ಕಲೆಯ ಅಂಚು

ಕೇಳುಗರಿಗೆ ನಮಸ್ಕಾರ. ಹಾಸನ ಆಕಾಶವಾಣಿಯವರು ಕರೆದು, "ಸಾರ್, ನಿಮ್ಮ 35 ವರ್ಷದ ಪಾಠ, ಸಂಶೋಧನೆ ಎರಡನ್ನೂ ಐದು ನಿಮಿಷದಲ್ಲಿ ಹೇಳಿ" ಅಂದರು. ಲೆಕ್ಕ ಹಾಕಿದೆ. ವರ್ಷಕ್ಕೆ ಎಂಟೂವರೆ ಸೆಕೆಂಡು! ಹಾಗಾಗಿ ಒಂದು ಕಲೆಯ ಕತೆ ಹೇಳುತ್ತೇನೆ. ಕಲೆ ಅಂದರೆ ಚಿತ್ರಕಲೆ ಅಲ್ಲ, ಕಾಫಿ ಚೆಲ್ಲಿದರೆ ಆಗುತ್ತಲ್ಲ, ಆ ಕಲೆ.

ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ.ಗೆ ಸೇರಿದ್ದು 1974ರಲ್ಲಿ. ಅಲ್ಲಿನ ಭೌತಶಾಸ್ತ್ರ ವಿಭಾಗವನ್ನು 1961ರಿಂದ ಬೆಳೆಸಿದವರು ಸಿ.ವಿ. ರಾಮನ್ ಅವರ ಸೋದರಳಿಯ, ಪ್ರೊಫೆಸರ್ ಎಸ್. ಚಂದ್ರಶೇಖರ್. 1971ರಲ್ಲೇ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋಗಿದ್ದರು. ಅವರು ಹಿಡಿಸಿದ ದ್ರವ ಸ್ಫಟಿಕದ ಹುಚ್ಚು ಮಾತ್ರ ಮೈಸೂರಿನಲ್ಲೇ ಉಳಿದಿತ್ತು. ನನಗೂ ಅಂಟಿತು. ದ್ರವ ಸ್ಫಟಿಕ ನೀರಿನ ಹಾಗೆ ಹರಿಯುತ್ತದೆ, ಆದರೆ ಒಳಗಿನ ಅಣುಗಳು ಹೊಳೆಯಲ್ಲಿ ತೇಲಿಬಿಟ್ಟ ದಿಮ್ಮಿಗಳಂತೆ ಹೆಚ್ಚುಕಡಿಮೆ ಒಂದೇ ದಿಕ್ಕು ಹಿಡಿದಿರುತ್ತವೆ. ನಿಮ್ಮ ಕ್ಯಾಲ್ಕುಲೇಟರಿನ ಅಂಕಿ ಮೂಡುವುದು ಇದರಿಂದಲೇ. ಕೋಲಿನಂಥ ಅಣುಗಳಷ್ಟೇ ಹೀಗೆ ಸಾಲುಗೂಡುತ್ತವೆ ಅಂತ ನಂಬಿದ್ದ ಕಾಲ ಅದು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಮೂವರೂ ಸೇರಿ ತಟ್ಟೆಯಂಥ ಅಣುಗಳೂ ದ್ರವ ಸ್ಫಟಿಕವಾಗುತ್ತವೆ ಅಂತ ತೋರಿಸಿದರು. ಮದುವೆಮನೆಯಲ್ಲಿ ತಟ್ಟೆ ಪೇರಿಸಿಟ್ಟ ಹಾಗೆ ಅವು ಕಂಬ ಕಟ್ಟುತ್ತವೆ.

ನಾನು ಅಂಥದ್ದೇನೂ ಮಾಡಲಿಲ್ಲ. ಕೋಲುಗಳಲ್ಲೇ ಪಿಎಚ್.ಡಿ.ಯ ಐದು ವರ್ಷ ಕಳೆದೆ. ಸೋಡಿಯಂ ದೀಪ, ಪ್ರಿಸಮ್, ಸಣ್ಣದೊಂದು ಹೀಟರ್. ಅರ್ಧ ಡಿಗ್ರಿ ಏರಿಸು, ಕಾಯಿ, ಬೆಳಕು ಎಷ್ಟು ಬಾಗಿತು ಬರೆದುಕೋ. ಕರೆಂಟ್ ಹೋದರೆ ಮತ್ತೆ ಮೊದಲಿಂದ. ಪಕ್ಕದಲ್ಲಿ ಕಾಫಿ ಲೋಟ. ನೋಟ್‌ಬುಕ್ಕಿನಲ್ಲಿ ಅಂಕಿಗಳಿಗಿಂತ ಕಲೆಗಳೇ ಜಾಸ್ತಿ.

ಪಾಠಕ್ಕೆ ಸೇರಿದ ಹೊಸದರಲ್ಲಿ ಆ ನೋಟ್‌ಬುಕ್ಕನ್ನು ಹುಡುಗರಿಗೆ ತೋರಿಸುತ್ತಿದ್ದೆ. ಸಕಲೇಶಪುರದ ಕಡೆಯ ತೋಟದ ಹುಡುಗ ಒಬ್ಬ ಅಂಕಿ ನೋಡಲೇ ಇಲ್ಲ. "ಸಾರ್, ಕಲೆ ನಡುವೆ ತೆಳ್ಳಗಿದೆ. ಅಂಚಲ್ಲಿ ಮಾತ್ರ ಯಾಕೆ ಇಷ್ಟು ಕಪ್ಪು?" ಅಂದ. "ಪರೀಕ್ಷೆಗೆ ಬರೋದು ಓದಪ್ಪ" ಅಂದೆ.

ನನಗೆ ಉತ್ತರ ಗೊತ್ತಿರಲಿಲ್ಲ, ಅಷ್ಟೇ. ಲ್ಯಾಬಿನಲ್ಲಿ ಗೊತ್ತಿಲ್ಲದ್ದನ್ನು ಹುಡುಕುವುದೇ ನನ್ನ ಕೆಲಸ, ತರಗತಿಯಲ್ಲಿ ಗೊತ್ತಿಲ್ಲ ಅನ್ನಲು ನಾಚಿಕೆ. ವಿಚಿತ್ರ ಅಲ್ವಾ?

1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರ ಲೇಖನ ಬಂತು. ವಿಷಯ, ಕಾಫಿ ಕಲೆ! ಲೈಬ್ರರಿಯಲ್ಲಿ ನಿಂತೇ ಓದಿದೆ. ಹನಿಯ ಅಂಚು ಮೇಜಿಗೆ ಕಚ್ಚಿಕೊಂಡುಬಿಡುತ್ತದೆ, ಒಳಗೆ ಸರಿಯುವುದಿಲ್ಲ. ಅಂಚಿನ ಹತ್ತಿರವೇ ನೀರು ಬೇಗ ಆರುತ್ತದೆ. ಆರಿದ್ದನ್ನು ತುಂಬಲು ನಡುವಿನಿಂದ ನೀರು ಅಂಚಿಗೆ ಹರಿಯುತ್ತದೆ, ಹರಿಯುವಾಗ ಪುಡಿಯ ಕಣಗಳನ್ನೂ ಒಯ್ಯುತ್ತದೆ. ನೀರು ಪೂರ್ತಿ ಆರುವ ಹೊತ್ತಿಗೆ ಪುಡಿಯೆಲ್ಲ ಬೇಲಿಯ ಹತ್ತಿರ ಬಂದು ನಿಂತಿರುತ್ತದೆ. ಇದಕ್ಕೆ ಬೇಕಾದ ಗಣಿತ ನಾನು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆಯುತ್ತಿದ್ದದ್ದೇ.

2011ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಂದು ಬಂತು. ಕಣಗಳು ಗುಂಡಗಿರದೆ ಉದ್ದಕ್ಕಿದ್ದರೆ, ಹನಿಯ ಮೇಲ್ಮೈಯಲ್ಲೇ ಒಂದಕ್ಕೊಂದು ಹೆಣೆದುಕೊಂಡು ನಿಲ್ಲುತ್ತವೆ. ಆಗ ಕಪ್ಪು ಅಂಚು ಮೂಡುವುದಿಲ್ಲ, ಕಲೆ ಒಂದೇ ಸಮ. ಇಂಕ್‌ಜೆಟ್ ಪ್ರಿಂಟರಿನ ಶಾಯಿ ಮಾಡುವವರಿಗೆ ಇದು ದೊಡ್ಡ ಸುದ್ದಿ. ಕೋಲುಗಳ ಜೊತೆ ಜೀವಮಾನ ಕಳೆದ ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ನಿವೃತ್ತಿಯಾದ ಮೇಲೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗ ಸಿಕ್ಕಿದ. ಹುಡುಗನೇನು, ತಲೆ ಪೂರ್ತಿ ನರೆತಿತ್ತು. ಅಲ್ಲೇ ನಿಲ್ಲಿಸಿ ಉತ್ತರ ಹೇಳಿದೆ. ಅವನಿಗೆ ತಾನು ಕೇಳಿದ್ದೇ ನೆನಪಿಲ್ಲ! ಸ್ವಲ್ಪ ಯೋಚಿಸಿ, "ಹಾಗಾದ್ರೆ ಸಾರ್, ಕೆಸುವಿನ ಎಲೆ ಮೇಲೆ ಹನಿಯ ಅಂಚು ಕಚ್ಚೋದೇ ಇಲ್ವಲ್ಲ, ಅಲ್ಲಿ ಕಲೆ ಹೇಗಾಗುತ್ತೆ?" ಅಂದ.

"ಗೊತ್ತಿಲ್ಲಪ್ಪ, ನೋಡೋಣ ನಡಿ" ಅಂದೆ. ಅವನ ತೋಟಕ್ಕೇ ಹೋದೆವು. ಕಾಫಿ ಒಣಗಿಸುವ ಕಣದಲ್ಲಿ ಕೂತು ಕೆಸುವಿನ ಎಲೆ ಹರಡಿ ಡಿಕಾಕ್ಷನ್ ಹನಿಸಿದೆವು. ಮೊದಲನೆಯದು ಗಾಳಿಗೆ ಉರುಳಿ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಕುಗ್ಗುತ್ತಾ ಕುಗ್ಗುತ್ತಾ ಬಂದು, ಅಂಚೇ ಇಲ್ಲದ ಪುಟ್ಟ ಕಪ್ಪು ಚುಕ್ಕೆಯಾಗಿ ನಿಂತಿತು. ನಾವಿಬ್ಬರೂ ಬಗ್ಗಿ ನೋಡುತ್ತಿದ್ದಾಗ ಅವನ ಮನೆಯವರು ಬಾಗಿಲಿಂದ ಕೂಗಿದರು:

"ಡಿಕಾಕ್ಷನ್ನೆಲ್ಲ ಎಲೆಗೆ ಸುರಿದ್ರೆ ಮೇಷ್ಟ್ರಿಗೆ ಕುಡಿಯೋಕೇನು ಕೊಡ್ಲಿ?"

ನಮಸ್ಕಾರ.