ಒಬ್ಬರೇ ನಡೆಯಬೇಡಿ

ಕೇಳುಗರಿಗೆ ನಮಸ್ಕಾರ. ಬೊಜ್ಜು, ಸಕ್ಕರೆ ಕಾಯಿಲೆ ಬಗ್ಗೆ ನಾಲ್ಕು ಮಾತು ಹೇಳಿ ಅಂದಿದ್ದಾರೆ. ನನ್ನ ಹತ್ತಿರ ಇರೋದು ಒಂದೇ ಮಾತು: ನಡೆಯಿರಿ, ಆದರೆ ಒಬ್ಬರೇ ನಡೆಯಬೇಡಿ.

ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬರುತ್ತೆ. ಅದು ಸ್ನಾಯುವಿನೊಳಗೆ ಹೋಗಲು ಇನ್ಸುಲಿನ್ ಬಾಗಿಲು ತೆಗೆಯಬೇಕು. ಹೊಟ್ಟೆಯಲ್ಲಿ ಬೊಜ್ಜು ತುಂಬಿದವರಲ್ಲಿ ಆ ಬಾಗಿಲು ಮಳೆಗಾಲದ ಮರದ ಬಾಗಿಲಿನ ಹಾಗೆ ಉಬ್ಬಿ ಬಿಗಿಯಾಗಿರುತ್ತೆ. ಕಾಲಾಡಿಸಿದರೆ ಸ್ನಾಯು ಇನ್ಸುಲಿನ್ನಿಗೆ ಕಾಯದೆ ತಾನೇ ಸಕ್ಕರೆ ಎಳೆದುಕೊಳ್ಳುತ್ತೆ. ಇಷ್ಟೇ ವಿಜ್ಞಾನ. ವಾರಕ್ಕೆ ಕನಿಷ್ಠ 150 ನಿಮಿಷ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ.

"ಅಡಿಕೆ ತೋಟದ ಕೆಲಸ ಇದೆಯಲ್ಲ ಡಾಕ್ಟ್ರೇ" ಅಂತೀರಿ. ಯಾರು ಮಾಡ್ತಾರೆ? ಕೊನೆ ಕೊಯ್ಯೋದು ದೋಟಿ ಹಿಡಿದವರು, ಸುಲಿಯೋದು ಯಂತ್ರ. ನೀವು ಜಗುಲಿಯಲ್ಲಿ ಕೂತು ಮೊಬೈಲಲ್ಲಿ ರೇಟು ನೋಡ್ತೀರಿ.

ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು. ಹೊಟ್ಟೆಯ ಸುತ್ತಳತೆ 104 ಸೆಂಟಿಮೀಟರ್. ನಮ್ಮ ಗಂಡಸರಿಗೆ 90 ದಾಟಬಾರದು, ಹೆಂಗಸರಿಗೆ 80. ನಡೆಯಿರಿ ಅಂದೆ. ತಿಂಗಳು ಬಿಟ್ಟು ಬಂದರು, ಅಳತೆ ಅಷ್ಟೇ. ಕೇಳಿದರೆ, "ಹೊರಡೋದು ನಡ್ಕಂಡೇ ಡಾಕ್ಟ್ರೇ, ತಲುಪೋದು ಬೈಕಲ್ಲಿ!" ದಣಪೆ ದಾಟಿ ನೂರು ಮಾರು ಹೋಗೋದರೊಳಗೆ ಯಾರೋ ನಿಲ್ಲಿಸಿ, "ಎಂತ ಮಾರಾಯ್ರೆ, ಗಾಡಿ ಕೆಟ್ಟೋಯ್ತಾ? ಹತ್ತಿ" ಅಂತಾರಂತೆ. ಬೇಡ ಅಂದರೆ ಅವರಿಗೆ ಬೇಜಾರು. ಮರುದಿನ ಜೀಪು. ಮೂರನೇ ದಿನ, "ಮನೇಲಿ ಏನಾದ್ರೂ ಜಗಳವಾ?"

ದಾರಿ ಹುಡುಕಿದ್ದು ಅವರ ಹೆಂಡತಿ. ಸಂಜೆ ಡೈರಿಗೆ ಹಾಲು ಒಯ್ಯುವಾಗ ಅಕ್ಕಪಕ್ಕದವರನ್ನೂ ಕರೆದರು. ಐದು ಮನೆ, ಏಳು ಜನ, ಕೈಯಲ್ಲಿ ಕ್ಯಾನು. ಏಳು ಜನರನ್ನು ಯಾವ ಬೈಕಿನವನು ಹತ್ತಿಸಿಕೊಳ್ತಾನೆ? ಹಸು ಭಾನುವಾರವೂ ಹಾಲು ಕೊಡುತ್ತೆ, ಹಾಗಾಗಿ ರಜೆಯೂ ಇಲ್ಲ. ಒಬ್ಬರು ತಪ್ಪಿಸಿದರೆ ಆರು ಜನ ಅಂಗಳದಲ್ಲಿ ನಿಂತು ಕೂಗ್ತಾರೆ. ನಾನು ಬರೆದುಕೊಡುವ ಯಾವ ಮಾತ್ರೆ ಹಾಗೆ ಕೂಗುತ್ತೆ ಹೇಳಿ? ಆರು ತಿಂಗಳಲ್ಲಿ 97ಕ್ಕೆ ಇಳಿದರು. ಇನ್ನೂ ಇಳೀಬೇಕು, ಅದು ಬೇರೆ.

ಆಗುಂಬೆ ಕಡೆಯವರು ಮಳೆ ಅಂತೀರಿ. ಸಮುದಾಯ ಭವನ ಇದೆ, ದೇವಸ್ಥಾನದ ಪೌಳಿ ಇದೆ, ಗುಂಪಾಗಿ ಸುತ್ತು ಹಾಕಿ. ಶಿವಮೊಗ್ಗದವರಿಗೆ ಗಾಂಧಿ ಪಾರ್ಕಿದೆ; ನಡೆದು ಹೊರಬಂದು ಬೋಂಡ ತಿನ್ನಬೇಡಿ. ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ. ಊಟದ ವಿಷಯ ಹೇಳೋದಿತ್ತು, ಹೊತ್ತಾಯಿತು. ಎರಡನೇ ಸಲ ಅನ್ನ ಬಡಿಸಿಕೊಳ್ಳಬೇಡಿ, ಸದ್ಯಕ್ಕೆ ಅಷ್ಟು ಸಾಕು.

ಇದನ್ನು ಕೇಳಿ ಯಾರಾದರೂ ಒಬ್ಬರೇ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದರೆ, ದಯವಿಟ್ಟು ವಾಪಸು ಬನ್ನಿ. ಮೊದಲು ಪಕ್ಕದ ಮನೆಯವರನ್ನು ಕರೆಯಿರಿ. ನಮಸ್ಕಾರ.